ಅಳಿಸಿಹೋದ ನಲವತ್ತನಾಲ್ಕು ಸಾಲು

ಸೋಮವಾರ ಬೆಳಿಗ್ಗೆ ಶಾಲಿನಿ ಆಫೀಸಿನ ಬೀಗ ತೆಗೆದು ಇನ್ನೂ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿರಲಿಲ್ಲ, ಫೋನು ಬಡಿದುಕೊಂಡಿತು. ಹಲಗೂರಿನ ಆಚೆಯ ಹೊಂಗೆಕೊಪ್ಪಲಿನ ಮಹಿಳಾ ಹಾಲು ಸಂಘದ ಕಾರ್ಯದರ್ಶಿ ಅರ್ಪಿತ.

"ಮೇಡಂ, ಓಟರ್ ಲಿಸ್ಟು ಪ್ರಿಂಟ್ ತೆಗ್ದು ಬೋರ್ಡಿಗೆ ಅಂಟಿಸ್ದೆ. ಇಲ್ಲಿ ನನ್ನ ಹರ್ಕಂಡು ತಿಂತಾವ್ರೆ. ಹದಿನೈದು ಜನದ ಹೆಸ್ರ ಮುಂದೆ 'ಹೊಸ ಸದಸ್ಯೆ, ಮತಕ್ಕೆ ಅರ್ಹರಲ್ಲ' ಅಂತ ಬಂದದೆ. ಇವ್ರ್ಯಾರೂ ಹೊಸಬ್ರಲ್ಲ ಮೇಡಂ..."

ಮಾತು ಮುಗಿಯುವ ಮೊದಲೇ ಫೋನು ಬೇರೆ ಕೈಗೆ ಹೋಯಿತು. ಗಟ್ಟಿ ದನಿ.

"ಅಮ್ಮಣ್ಣಿ, ನಾನು ಮೇಗಲಮನೆ ಪಟ್ಟಲಮ್ಮ. ಅತ್ತೊಂಬತ್ತು ವರ್ಸದಿಂದ ಈ ಡೈರಿಗೆ ಹಾಲು ಹಾಕ್ತಾ ಇವ್ನಿ. ನಿಮ್ ಕಂಪ್ಯೂಟ್ರು ನನ್ನ ಓದ್ ತಿಂಗ್ಳು ಬಂದೋಳು ಅಂತದಲ್ಲ, ಅದ್ಕೇನ್ ಕಣ್ಣಿಲ್ವಾ? ನಾನು ಎಲೆಕ್ಸನ್ನಿಗೆ ನಿಂತ್ಕಬೇಕು ಕಣಮ್ಮ. ತಕರಾರು ಕೊಡಕ್ಕೆ ಬುಧವಾರ ಸಂಜೆಗಂಟ ಟೈಮಂತೆ. ಅಷ್ಟ್ರೊಳ್ಗೆ ಸರಿ ಮಾಡ್ಕೊಡು."

ಶಾಲಿನಿ ಆಗಲೆಂದಳು. ಫೋನು ಇಟ್ಟ ಮೇಲೂ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ಕಿಟಕಿಯ ಹತ್ತಿರ ನಿಂತಳು. ಕೆಳಗೆ ಮದ್ದೂರಿನ ಹಳೇ ರಸ್ತೆಯಲ್ಲಿ ಬಸ್ಸುಗಳು ನಿಂತು ಹೊರಡುತ್ತಿದ್ದವು. ಏನಾಗಿದೆ ಎಂಬುದು ಅವಳಿಗೆ ಅರ್ಧ ಗೊತ್ತಾಗಿಬಿಟ್ಟಿತ್ತು.

ಹೋದ ತಿಂಗಳು ಆ ಸಂಘದ ಹಳೆಯ ಸಾಫ್ಟ್‌ವೇರಿನಿಂದ ಹೊಸದಕ್ಕೆ ವಿವರಗಳನ್ನೆಲ್ಲ ಸಾಗಿಸಿದ್ದು ಅವಳೇ. ಹಳೆಯದರಲ್ಲಿ ಒಬ್ಬ ಸದಸ್ಯೆಯ ಸಮಸ್ತವೂ ಒಂದೇ ಉದ್ದನೆಯ ಖಾನೆಯಲ್ಲಿ ತುಂಬಿಕೊಂಡಿತ್ತು: 'ಪಟ್ಟಲಮ್ಮ ಕೋಂ ಮಾದಯ್ಯ ಮೇಗಲಮನೆ ಹೊಂಗೆಕೊಪ್ಪಲು.' ಹೊಸದರಲ್ಲಿ ಹೆಸರಿಗೊಂದು ಖಾನೆ, ಗಂಡನ ಹೆಸರಿಗೊಂದು, ಊರಿಗೊಂದು. ಮೇಗಲಮನೆ, ಕಟ್ಟೆಮನೆ, ಹುಣಸೆಮರದ ಮನೆ ಎಂಬ ಗುರುತುಗಳಿಗೆ ಅಲ್ಲಿ ಜಾಗವಿರಲಿಲ್ಲ. ಶಾಲಿನಿ ಅವನ್ನು ಬಿಟ್ಟಳು. ಬಿಟ್ಟ ಮೇಲೆ ಹೆಸರು, ಗಂಡನ ಹೆಸರು, ಊರು ಮೂರೂ ಒಂದೇ ಆಗಿರುವ ಹದಿನೈದು ಜೋಡಿ ಕಂಡವು. ಯಾರೋ ಎರಡೆರಡು ಸಲ ಟೈಪು ಮಾಡಿದ್ದಾರೆ ಎಂದುಕೊಂಡು ಜೋಡಿಗಳನ್ನೆಲ್ಲ ಒಂದೊಂದಾಗಿ ಸೇರಿಸಿ ಹೊಸ ನಂಬರು ಕೊಟ್ಟಳು. ಇನ್ನೂರ ಹನ್ನೆರಡು ಸದಸ್ಯೆಯರು ನೂರ ತೊಂಬತ್ತೇಳಾದರು. ಎಷ್ಟು ಚೊಕ್ಕಟವಾಯಿತು ಎಂದು ಅವತ್ತು ಸಂತೋಷಪಟ್ಟಿದ್ದಳು.

ಊರ ದೇವತೆಯ ಹೆಸರನ್ನು ಮನೆಗೊಬ್ಬ ಹೆಣ್ಣುಮಗುವಿಗೆ ಇಡುವ ಊರು ಅದು. ಗಂಡಸರಲ್ಲಿ ಮಾದಪ್ಪನ ಹರಕೆಗೆ ಹುಟ್ಟಿದ ಮಾದಯ್ಯಂದಿರು ಬೀದಿಗೆ ನಾಲ್ವರು. ಇದು ಶಾಲಿನಿಗೆ ತಿಳಿಯದ್ದೇನೂ ಅಲ್ಲ. ಮಳವಳ್ಳಿ ಕಡೆಯ ಅವಳ ತಾಯಿಯ ಊರಿನಲ್ಲೂ ಹೀಗೇ. ರಜಕ್ಕೆ ಹೋದಾಗ 'ಯಾವ ಕೆಂಪಮ್ಮನ ಮೊಮ್ಮಗಳು?' ಎಂದು ಕೇಳಿದವರಿಗೆ 'ಬಾವಿಮನೆ ಕೆಂಪಮ್ಮ' ಎಂದು ಉತ್ತರ ಕೊಟ್ಟು ಬೆಳೆದವಳು. ಊರಲ್ಲಿ ನಿಂತು ಯೋಚಿಸಿದ್ದರೆ ಥಟ್ಟನೆ ಹೊಳೆಯುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಅವಳು ಬೇರೆ ಯಾರೋ ಆಗಿಬಿಡುತ್ತಿದ್ದಳು. ಹಳ್ಳಿಯದೆಲ್ಲ ಗೊಂದಲ, ಅದನ್ನು ನೇರ ಮಾಡುವುದೇ ತನ್ನ ಕೆಲಸ ಎಂಬಂತೆ.

ಹೊಸದು ಶುರುವಾದ ಮೊದಲ ದಿನವೇ ಅರ್ಪಿತಳಿಗೆ ಒಂದು ನಂಬರಿಗೆ ಇಬ್ಬರು ನಿಂತದ್ದು ಕಂಡಿತ್ತು. ಪಾಪ, ಅವಳು ಯಾರನ್ನೂ ಕೇಳದೆ ಎರಡನೆಯವರಿಗೆ ಹೊಸ ನಂಬರು ಕೊಟ್ಟು ಸಾಲು ಮುಂದೆ ಕಳಿಸಿದ್ದಳು. ಅಂದಿನಿಂದ ಹಾಲು ಸರಿಯಾಗಿಯೇ ಬರೆಯಲ್ಪಡುತ್ತಿತ್ತು. ಆದರೆ ಹಿಂದಿನದೆಲ್ಲ ಮೊದಲನೆಯವಳ ಪಾಲಿಗೆ ಉಳಿದು, ಎರಡನೆಯವಳ ಹಿಂದೆ ಏನೂ ಇರಲಿಲ್ಲ. ಹಿಂದಿನ ವರ್ಷದಲ್ಲಿ ನೂರ ಎಂಬತ್ತು ದಿನ ಹಾಲು ಹಾಕಿದವರಿಗಷ್ಟೇ ಓಟು, ಅವರಿಗಷ್ಟೇ ಸ್ಪರ್ಧೆ. ಅದು ಆ ಸಂಘದ ನಿಯಮ.

ಹತ್ತು ಗಂಟೆಗೆ ಯತೀಶ್ ಬಂದ. ಹಾಲು ಸಂಘಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವ ಈ ಆಫೀಸು ಅವನದು. ಎಂಜಿನಿಯರಿಂಗ್ ಓದಿದ ಮೂವತ್ತನಾಲ್ಕರ ಹುಡುಗ. ವಿಷಯ ಕೇಳಿ ತಲೆ ಕೆರೆದುಕೊಂಡ.

"ಹಳೇ ಬ್ಯಾಕಪ್ ಹಾಕಿದ್ರಾಯ್ತಲ್ಲ ಶಾಲಿನಕ್ಕ."

"ಹಳೇ ಕಂಪ್ಯೂಟರನ್ನ ಅವರು ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟಿದ್ದಾರೆ. ಬ್ಯಾಕಪ್ ಇದ್ದ ಪೆನ್‌ಡ್ರೈವ್ ನಿಮ್ಮ ಹತ್ತಿರ ಇತ್ತು."

ಯತೀಶ್ ಡ್ರಾಯರ್ ಎಳೆದ. ಪೆನ್‌ಡ್ರೈವ್ ಸಿಕ್ಕಿತು. ಅದರೊಳಗೆ ಬ್ಯಾಕಪ್ ಬದಲು ಅವನ ತಂಗಿಯ ಮದುವೆ ವಿಡಿಯೋ ಇತ್ತು. ಪರದೆಯ ಮೇಲೆ ಮದುಮಗಳು ತಲೆ ತಗ್ಗಿಸಿ ನಿಂತಿದ್ದಳು.

"ಹಳೇ ನಂಬರು ಯಾವುದು ಹೊಸ ನಂಬರು ಯಾವುದಾಯ್ತು ಅಂತ ಒಂದು ಪಟ್ಟಿ ಇಟ್ಟಿರ್ತೀರಲ್ಲ?"

"ಇಟ್ಟಿಲ್ಲ" ಎಂದಳು ಶಾಲಿನಿ.

ಅದೊಂದು ಮಾತು ಹೇಳುವುದು ಅವಳಿಗೆ ಎಷ್ಟು ಕಷ್ಟವಾಯಿತೆಂದು ಯತೀಶನಿಗೆ ತಿಳಿಯುವಂತಿರಲಿಲ್ಲ. ಲಗ್ನಪತ್ರಿಕೆ ಟೈಪು ಮಾಡುತ್ತಿದ್ದವಳು ಮೂವತ್ತೇಳನೆಯ ವಯಸ್ಸಿನಲ್ಲಿ ಮಗಳ ಪಕ್ಕ ಕೂತು ಯೂಟ್ಯೂಬ್ ನೋಡಿ ಡೇಟಾಬೇಸ್ ಕಲಿತಿದ್ದಳು. 'ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ' ಎಂದು ನಾದಿನಿ ಕೇಳಿದ್ದಳು. ಗಂಡ ಶಿವರಾಜು ಏನೂ ಕೇಳಿರಲಿಲ್ಲ, ಆದರೆ ನಕ್ಕಿದ್ದ. ಆ ನಗು ಕಂಡಂದಿನಿಂದ ಹತ್ತು ವರ್ಷ ಅವಳು ಕೆಲಸದಲ್ಲಿ ಒಂದು ತಪ್ಪನ್ನೂ ಒಪ್ಪಿಕೊಂಡಿರಲಿಲ್ಲ. ತಪ್ಪೇ ಆಗಿರಲಿಲ್ಲ ಎಂದಲ್ಲ. ಯಾರೂ ನೋಡುವ ಮೊದಲೇ ತಿದ್ದಿಬಿಡುತ್ತಿದ್ದಳು. ಆಫೀಸಿನ ಹುಡುಗರು ತಪ್ಪು ಮಾಡಿದರೆ 'ಅಯ್ಯೋ ಮಿಸ್ಸಾಯ್ತು' ಎಂದು ನಕ್ಕು ಟೀ ಕುಡಿಯಲು ಹೋಗುತ್ತಾರೆ. ತಾನು ಮಾಡಿದರೆ ಅದು ತನ್ನ ವಯಸ್ಸಿನ ತಪ್ಪು, ಹೆಂಗಸಿನ ತಪ್ಪು ಆಗಿಬಿಡುತ್ತದೆ ಎಂದು ಅವಳಿಗೆ ಖಚಿತವಾಗಿತ್ತು.

ಅವತ್ತು ಮಧ್ಯಾಹ್ನವೇ ಬಿಚ್ಚಲು ಕೂತಳು. ಹೆಣೆದಿದ್ದನ್ನು ಬಿಚ್ಚಿ ಮತ್ತೆ ಮೊದಲಿನ ಎಳೆಗಳನ್ನು ಬೇರೆ ಮಾಡುವ ಕೆಲಸ. ದಿನದಿನದ ಹಾಲಿನ ಸಾಲುಗಳು ಹೊಸದರಲ್ಲೂ ಉಳಿದಿದ್ದವು. ತಾರೀಕು, ಬೆಳಿಗ್ಗೆಯೋ ಸಂಜೆಯೋ, ಎಷ್ಟು ಲೀಟರು, ರೇಟು ನಿರ್ಧರಿಸುವ ಕೊಬ್ಬಿನಂಶ ಅಂದರೆ ಫ್ಯಾಟು ಎಷ್ಟು. ಅವುಗಳನ್ನೇ ಹಿಡಿದು ಹಿಂದಕ್ಕೆ ನಡೆದಳು. ಒಂದೇ ನಂಬರಿನಲ್ಲಿ ಫ್ಯಾಟು ಒಮ್ಮೆ ಏಳು, ಒಮ್ಮೆ ಮೂರೂವರೆ ಇದ್ದರೆ ಒಬ್ಬಳದು ಎಮ್ಮೆ, ಇನ್ನೊಬ್ಬಳದು ಹಸು. ಒಂಬತ್ತು ಜೋಡಿ ಹೀಗೆ ಬೇರೆಯಾದವು. ಬೆಳಿಗ್ಗೆ ಮಾತ್ರ ಹಾಕುವವರು, ಎರಡು ಲೀಟರಿಗಿಂತ ಹೆಚ್ಚು ಎಂದೂ ಹಾಕದವರು, ಇವರದೂ ಗೊತ್ತಾಯಿತು. ಸಂಜೆ ಹೊತ್ತಿಗೆ ಹದಿನಾಲ್ಕು ಜೋಡಿ ಬಿಡಿಸಿ, ಅರ್ಪಿತಳಿಗೆ ಫೋನಿನಲ್ಲಿ ಓದಿ ಹೇಳಿ, ಅವರವರ ಬಾಯಿಂದ ಹೌದೆನಿಸಿಕೊಂಡಳು.

ಉಳಿದದ್ದು ಪಟ್ಟಲಮ್ಮಂದಿರ ಜೋಡಿ. ಮೇಗಲಮನೆಯವಳು ಮತ್ತು ಕಟ್ಟೆಮನೆಯವಳು. ಇಬ್ಬರಿಗೂ ಒಂದೇ ಜಾತಿಯ ಒಂದೊಂದು ಹಸು, ಹೆಚ್ಚುಕಮ್ಮಿ ಒಂದೇ ಫ್ಯಾಟು, ಒಂದೇ ಅಳತೆ. ಒಂದು ಹೊತ್ತಿಗೆ ಎರಡು ಸಾಲು ಇದ್ದ ದಿನಗಳಲ್ಲಿ ಇಬ್ಬರೂ ಹಾಲು ಹಾಕಿದ್ದಾರೆಂದು ಅರ್ಥ, ಅದರಲ್ಲಿ ತೊಂದರೆಯಿಲ್ಲ. ಅಂಥವು ನೂರ ಅರವತ್ತಮೂರು ದಿನ. ಒಂದೇ ಸಾಲು ಇದ್ದ ದಿನಗಳು ಮೂವತ್ತೊಂದು. ಅವು ಯಾರವು? ನೂರ ಎಂಬತ್ತು ಮುಟ್ಟಲು ಒಬ್ಬೊಬ್ಬಳಿಗೂ ಇನ್ನು ಹದಿನೇಳು ದಿನ ಬೇಕು. ಇಬ್ಬರಿಗೆ ಮೂವತ್ತನಾಲ್ಕು. ಹೇಗೆ ಹಂಚಿದರೂ ಮೂರು ದಿನ ಸಾಲದು. ಒಬ್ಬಳು ಹೊರಗುಳಿಯಲೇಬೇಕು.

ಮಂಗಳವಾರ ಬೆಳಗಿನ ಮೊದಲ ಬಸ್ಸಿಗೆ ಹಲಗೂರಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಹೊಂಗೆಕೊಪ್ಪಲು ತಲುಪಿದಳು. ಹಾಲು ಹಾಕುವ ಹೊತ್ತು ಮುಗಿದಿತ್ತು. ಅರ್ಪಿತ ನೆಲಕ್ಕೆ ನೀರು ಹಾಕಿ ತೊಳೆಯುತ್ತಿದ್ದಳು. ಜಗಲಿಯ ಮೇಲೆ ಇಬ್ಬರು ಕೂತಿದ್ದರು. ಒಬ್ಬಳಿಗೆ ನಲವತ್ತು ದಾಟಿರಬೇಕು, ಸೆರಗು ಸೊಂಟಕ್ಕೆ ಬಿಗಿದಿದ್ದಳು. ಇನ್ನೊಬ್ಬಳು ಅರವತ್ತರ ಹತ್ತಿರದವಳು, ಬಾಯಲ್ಲಿ ಎಲೆ ಅಡಿಕೆ.

"ನೀನೇಯಾ ನಮ್ಮಿಬ್ರುನ್ನೂ ಒಂದ್ ಮಾಡ್ದೋಳು?" ಎಂದಳು ಹಿರಿಯಳು. "ಇವ್ಳ ಜೊತೆ ನನ್ನ ಸೇರ್ಸೋದಾ? ಇವ್ಳ ಬಾಯ್ ನೋಡಿದ್ದೀಯಾ ನೀನು?"

"ಸುಮ್ಕಿರು ಅಕ್ಕಯ್ಯ. ನಿನ್ ಬಾಯೇನ್ ಕಮ್ಮಿನಾ?"

"ಗಂಡಂದ್ರೂ ಇಬ್ರೂ ಮಾದಯ್ಯನೇ ಕಣಮ್ಮ. ನಮ್ಮೂರಲ್ಲಿ ಕಲ್ಲು ಎಸುದ್ರೆ ಅದು ಮಾದಯ್ಯನ ತಲೆ ಮ್ಯಾಲೇ ಬೀಳೋದು. ನಂದು ಆಗೋಯ್ತು ಬುಡು, ಈ ವಯಸ್ನಲ್ಲಿ ಇನ್ನೇನ್ ಓಟು ಹಾಕಿ ಕಡೀಬೇಕು. ಇವ್ಳು ನಿಂತ್ಕಬೇಕಂತೆ."

ಕಿರಿಯವಳು, ಫೋನು ಮಾಡಿದ್ದ ಮೇಗಲಮನೆ ಪಟ್ಟಲಮ್ಮ, ಸೊಂಟದಿಂದ ಪ್ಲಾಸ್ಟಿಕ್ ಕವರು ತೆಗೆದು ಶಾಲಿನಿಯ ಮುಂದಿಟ್ಟಳು. ದಿನಾ ಕೊಡುವ ಹಾಲಿನ ಚೀಟಿಗಳು, ನೂರಾರು, ಅಚ್ಚುಕಟ್ಟಾಗಿ ದಾರ ಕಟ್ಟಿದ್ದವು. ಶಾಲಿನಿ ಒಂದನ್ನು ಬಿಡಿಸಿದಳು. ಬಿಳಿ. ಇನ್ನೊಂದು. ಅದೂ ಬಿಳಿ. ಆ ಮಿಷನ್ನಿನ ಅಕ್ಷರ ಎರಡು ತಿಂಗಳಿಗೆ ಮಾಸಿಹೋಗುತ್ತದೆ.

"ಗೊತ್ತು ಕಣಮ್ಮ, ಏನೂ ಕಾಣಕ್ಕಿಲ್ಲ" ಎಂದಳು ಪಟ್ಟಲಮ್ಮ. "ಆದ್ರೂ ಇಟ್ಕಂಡಿವ್ನಿ. ಎಸೆಯಕ್ಕೆ ಕೈ ಬರ್ಲಿಲ್ಲ."

"ಯಾಕೆ ನಿಂತ್ಕೋಬೇಕು ನಿಮಗೆ?"

"ಫ್ಯಾಟು ನೋಡೋ ಮಿಷನ್ನಿನ ಮಖ ಒಳೀಕೆ ತಿರುಗ್ಕಂಡದೆ, ನೋಡು. ನಾವು ಇತ್ಲಾಗೆ ನಿಂತ್ಕಂಡು, ಅವ್ರು ಯೋಳಿದ್ದು ಕೇಳ್ಕಂಡು ಓಗ್ಬೇಕು. ಅದ್ರ ಮಖ ನಮ್ ಕಡೆ ತಿರುಗಿಸ್ಬೇಕು. ಅಷ್ಟೇಯ. ಮೂರು ವರ್ಸದಿಂದ ಕೇಳ್ತಾ ಇವ್ನಿ. ಕಮಿಟಿಗೆ ಬಂದ್ ಮಾತಾಡು ಅಂತಾರೆ. ಸರಿ, ಕಮಿಟಿಗೇ ಬತ್ತೀನಿ ಅಂತ ಒಂಟಿವ್ನಿ."

ಶಾಲಿನಿ ಲ್ಯಾಪ್‌ಟಾಪ್ ತೆರೆದು ಮೂವತ್ತೊಂದು ದಿನಗಳನ್ನು ಒಂದೊಂದಾಗಿ ಓದಿದಳು. ಇಬ್ಬರೂ ಗಡಿಯಾರ ನೋಡಿದಷ್ಟು ಸಲೀಸಾಗಿ ಹಿಂದಿನ ವರ್ಷವನ್ನು ನೋಡುತ್ತಿದ್ದರು. 'ಆವತ್ತು ನನ್ ಹಸಕ್ಕೆ ಕೆಚ್ಚಲು ಬಾವು.' 'ಆ ಎರಡು ದಿನ ನಾನು ತವರಿಗೆ ಓಗಿದ್ದೆ.' ಒಂಬತ್ತು ದಿನ ಹೀಗೆ ಜಗಳವಿಲ್ಲದೆ ಹಂಚಿಹೋದವು. ಉಳಿದದ್ದು ನವೆಂಬರಿನ ಇಪ್ಪತ್ತೆರಡು ದಿನ. ಮೂರನೆಯ ತಾರೀಕಿನಿಂದ ಇಪ್ಪತ್ತನಾಲ್ಕರವರೆಗೆ, ಎರಡೂ ಹೊತ್ತು, ಹೊತ್ತಿಗೆ ಒಂದೇ ಸಾಲು.

"ಇದು ಯಾರದು?"

"ನಂದೂವೆ" ಎಂದಳು ಕಿರಿಯಳು.

"ನಂದೂವೆ" ಎಂದಳು ಹಿರಿಯಳು.

"ಒಬ್ಬರದೇ ಇದೆ. ಇನ್ನೊಬ್ಬರು ಆಗ ಹಾಲು ಹಾಕಿಲ್ಲ."

"ನಾ ಒಂದ್ ದಿನಾನೂ ತಪ್ಪಿಸ್ಲಿಲ್ಲ."

"ನಂದೂ ತಪ್ಪಿಲ್ಲ."

ಶಾಲಿನಿಗೆ ಬೇಸರವಾಯಿತು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಳು. ಹಾಗೆ ಅಂದುಕೊಂಡಾಗ ಎದೆಯ ಭಾರ ಒಂದಿಷ್ಟು ಇಳಿದದ್ದೂ ನಿಜ. ಅವರು ಸುಳ್ಳು ಹೇಳಿದರೆ ತನ್ನ ತಪ್ಪು ಅಷ್ಟರಮಟ್ಟಿಗೆ ಸಣ್ಣದಾಗುತ್ತದಲ್ಲ. ಆ ಹಗುರ ಎಲ್ಲಿಂದ ಬಂತೆಂದು ಗೊತ್ತಾದ ಮೇಲೆ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಅರ್ಪಿತ ನೆಲ ತೊಳೆಯುವುದನ್ನು ನಿಲ್ಲಿಸಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಯೋಳೇ" ಎಂದಳು ಹಿರಿಯ ಪಟ್ಟಲಮ್ಮ ಕಿರಿಯಳಿಗೆ. "ಯೋಳುದ್ರೆ ಏನ್ ಕತ್ತು ಕುಯ್ದಾರಾ?"

"ನೀನೇ ಯೋಳು ಅಕ್ಕಯ್ಯ. ಪಾಪ ನಮ್ ಅರ್ಪಿತಂಗೆ ತೊಂದ್ರೆ ಆಯ್ತದೆ."

ಹಿರಿಯಳು ಎದ್ದು ಅಂಗಳಕ್ಕೆ ಎಲೆ ಅಡಿಕೆ ಉಗಿದು ಬಂದು ಕೂತಳು. "ನೋಡಮ್ಮ. ನನ್ ಮಗಳಿಗೆ ಕೊಳ್ಳೇಗಾಲದಲ್ಲಿ ಎರಿಗೆ ಆಯ್ತು. ನಾ ಓಗಿ ಆಸ್ಪತ್ರೆ, ಬಾಣಂತನ ಅಂತ ಇಪ್ಪತ್ತೆರಡು ದಿನ ಅಲ್ಲೇ ಇದ್ದೆ. ನನ್ ಹಸಾನೂ ಇವ್ಳೇ ಕರೆದ್ಳು. ಎರಡು ಕ್ಯಾನು ಒತ್ಕಂಡು ಆ ದಿಣ್ಣೆ ಇಳಿಯಕ್ಕಾಯ್ತದಾ? ಎರಡೂ ಹಸೀನ ಹಾಲೂ ಒಂದೇ ಕ್ಯಾನಿಗೆ ಉಯ್ಕಂಡು ಬಂದು, 'ಅರ್ಧ ಅಕ್ಕಯ್ಯಂದು, ಅರ್ಧ ನಂದು, ಬರ್ಕೊ' ಅಂದ್ಳು. ಅರ್ಪಿತ ಬರ್ಕಂಡ್ಳು. ಕೂಡಿಸಿ ತರಂಗಿಲ್ಲ ಅಂತ ರೂಲ್ಸು ಅದೆ. ಗೊತ್ತು. ನಮ್ಮೂರಲ್ಲಿ ಎಲ್ರೂ ಮಾಡ್ತಾರೆ. ಒಬ್ಬಳು ಊರಿಗೆ ಓದ್ರೆ ಇನ್ನೊಬ್ಬಳು ಹಾಲು ಕರೀತಾಳೆ. ಇಲ್ದಿದ್ರೆ ನಾವು ಸಾಯೋಗಂಟ ಹಸ ಬುಟ್ಟು ಎತ್ಲಾಗೂ ಓಗಂಗಿಲ್ಲ."

ಶಾಲಿನಿಯ ಕೈ ಕೀಲಿಗಳ ಮೇಲೆ ನಿಂತುಬಿಟ್ಟಿತು. ಅರ್ಧ, ಅರ್ಧ. ಒಂದೇ ಕ್ಯಾನು, ಒಂದೇ ಫ್ಯಾಟು, ಸರಿಸಮ ಲೀಟರು. ಎರಡು ಸಾಲು, ಒಂದು ಚುಕ್ಕೆಯೂ ವ್ಯತ್ಯಾಸವಿಲ್ಲದೆ. ಇಬ್ಬರನ್ನು ಒಬ್ಬಳನ್ನಾಗಿ ಮಾಡಿದ ಮೇಲೆ ತಾನು ಇನ್ನೊಂದು ಕೆಲಸ ಮಾಡಿದ್ದೆನೆಂದು ನೆನಪಾಯಿತು. ಒಂದೇ ನಂಬರು, ಒಂದೇ ಹೊತ್ತು, ಒಂದೇ ಅಳತೆಯ ಸಾಲು ಎರಡಿದ್ದರೆ ನಕಲೆಂದು ಒಂದನ್ನು ಅಳಿಸುವಂತೆ ಬರೆದಿದ್ದಳು.

ಎಷ್ಟು ಅಳಿಸಿದ್ದೆ? ಫೋನು ತೆಗೆದು ಯತೀಶನಿಗೆ ಕಳಿಸಿದ ಹಳೆಯ ಮೆಸೇಜುಗಳನ್ನು ಮೇಲಕ್ಕೆ ಸರಿಸುತ್ತ ಹೋದಳು. ಸಿಕ್ಕಿತು. 'ಹೊಂಗೆಕೊಪ್ಪಲು ಮುಗಿಯಿತು. ನಕಲು ಸಾಲು 44 ತೆಗೆದಿದ್ದೇನೆ.' ಪಕ್ಕದಲ್ಲಿ ಅವಳೇ ಹಾಕಿದ ನಗುಮುಖ. ಇಪ್ಪತ್ತೆರಡು ದಿನ, ಎರಡು ಹೊತ್ತು, ನಲವತ್ತನಾಲ್ಕು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ.

"ಇಬ್ಬರೂ ನಿಜ ಹೇಳಿದ್ದೀರಿ" ಎಂದಳು. "ನೂರ ಅರವತ್ತಮೂರಕ್ಕೆ ಇಪ್ಪತ್ತೆರಡು. ಆ ಒಂಬತ್ತು ದಿನ ಬಿಟ್ಟರೂ ಇಬ್ಬರಿಗೂ ನೂರ ಎಂಬತ್ತೈದು ಆಗುತ್ತೆ."

"ಅಂಗಂದ್ರೆ ನಾನೂ ಓಟು ಹಾಕ್ಬೇಕಾ?" ಎಂದಳು ಹಿರಿಯ ಪಟ್ಟಲಮ್ಮ, ದೊಡ್ಡ ಕಷ್ಟ ಬಂದವಳಂತೆ.

ಮಧ್ಯಾಹ್ನ ಮದ್ದೂರಿಗೆ ಹಿಂತಿರುಗಿ ನಲವತ್ತನಾಲ್ಕು ಸಾಲುಗಳನ್ನು ಮತ್ತೆ ಹುಟ್ಟಿಸಿದಳು. ಎಲ್ಲರ ಮನೆಯ ಗುರುತಿಗೂ ಒಂದು ಖಾನೆ ಮಾಡಿದಳು. ಇನ್ನೂರ ಹನ್ನೆರಡು ಮತ್ತೆ ಇನ್ನೂರ ಹನ್ನೆರಡಾಯಿತು. ಆದರೆ ಹೊಸ ಪಟ್ಟಿಯ ಜೊತೆಗೆ ಕಂಪನಿಯ ಪತ್ರ ಬೇಕೆಂದು ಚುನಾವಣಾಧಿಕಾರಿ ಕೇಳಿದ್ದರು. ಪಟ್ಟಿ ಬದಲಾದದ್ದು ಯಾಕೆ, ಅಳಿಸಿದ ದಿನಗಳು ಮರಳಿ ಬಂದದ್ದು ಹೇಗೆ.

"ತಾಂತ್ರಿಕ ಕಾರಣದಿಂದ ಅಂತ ಬರೀರಿ ಶಾಲಿನಕ್ಕ" ಎಂದ ಯತೀಶ್. "ಅದು ಯಾರ್ ತಪ್ಪೂ ಅಲ್ಲ ಅಂದಂಗೆ. ನಿಮಗೂ ಒಳ್ಳೇದು."

"ಅಷ್ಟೇ ಬರೆದರೆ ಆ ಮೂರು ವಾರ ಹುಟ್ಟಿಸಿದ್ದು ಅನ್ನಿಸುತ್ತೆ. ಎದುರಾಳಿಗಳು ಆ ಹೆಂಗಸಿನ ಮೇಲೇ ಬೀಳ್ತಾರೆ."

"ತಪ್ಪು ಅಂತ ಬರೆದ್ರೆ ಉಳಿದ ಸಂಘದವರೂ ಕೇಳಲ್ವಾ, ನಮ್ಮದೂ ನೋಡಿ ಅಂತ?"

"ಕೇಳಲಿ. ಅವರದೂ ನೋಡ್ಬೇಕಾದ್ದೇ."

ಯತೀಶ್ ಅವಳನ್ನು ಒಂದು ಕ್ಷಣ ನೋಡಿದ. ನಗಲಿಲ್ಲ. "ಲೆಟರ್‌ಹೆಡ್ ಎರಡನೇ ಡ್ರಾಯರಲ್ಲಿದೆ" ಎಂದು ಹೊರಗೆ ಹೋದ.

ಪತ್ರ ಬರೆಯಲು ಎರಡು ಗಂಟೆ ಹಿಡಿಯಿತು. ಮೊದಲು 'ಅಳಿಸಲಾಗಿದೆ' ಎಂದು ಬರೆದಳು. ಯಾರು ಅಳಿಸಿದ್ದು ಎಂದು ಆ ಮಾತಿನಲ್ಲಿ ಎಲ್ಲೂ ಇರಲಿಲ್ಲ. ಹರಿದು ಹಾಕಿ ಇನ್ನೊಂದು ಹಾಳೆ ತೆಗೆದಳು.

ಬುಧವಾರ ಸಂಜೆ ನಾಲ್ಕಕ್ಕೆ ಅವಳು ಡೈರಿ ಮುಟ್ಟಿದಾಗ ಹೆಂಗಸರು ಆಗಲೇ ಕ್ಯಾನು ಹಿಡಿದು ಬರತೊಡಗಿದ್ದರು. ಅರ್ಪಿತಳ ಕೈಗೆ ಲಕೋಟೆ ಕೊಟ್ಟು ಹೊರಡಬಹುದಿತ್ತು. ಕಿರಿಯ ಪಟ್ಟಲಮ್ಮ ಬಾಗಿಲಲ್ಲೇ ನಿಂತಿದ್ದಳು.

"ಏನ್ ಬರ್ದಿದ್ದೀಯೋ ಓದಮ್ಮ, ಕೇಳುವಾ. ನಮ್ ವಿಚಾರ ತಾನೇ."

ಶಾಲಿನಿ ಓದಿದಳು. "ಹೊಂಗೆಕೊಪ್ಪಲು ಸಂಘದ ಹದಿನೈದು ಜೋಡಿ ಸದಸ್ಯೆಯರನ್ನು, ಹೆಸರು ಒಂದೇ ಇದ್ದ ಕಾರಣ, ಬೇರೆಯವರೆಂದು ತಿಳಿಯದೆ ನಾನು ಒಂದುಗೂಡಿಸಿದೆ. ಇಬ್ಬರು ಸದಸ್ಯೆಯರ ನಲವತ್ತನಾಲ್ಕು ಹೊತ್ತಿನ ಹಾಲನ್ನು ನಕಲೆಂದು ತಿಳಿದು ಅಳಿಸಿದೆ. ಅವು ನಕಲಲ್ಲ. ಸಂಘದ್ದಾಗಲಿ ಸದಸ್ಯೆಯರದ್ದಾಗಲಿ ಇದರಲ್ಲಿ ತಪ್ಪಿಲ್ಲ. ತಪ್ಪು ನನ್ನದು." ಕೆಳಗೆ ಅವಳ ಪೂರ್ತಿ ಹೆಸರು, ಸಹಿ.

ಶಾಲಿನಿ ಕಾಗದದಿಂದ ಕಣ್ಣೆತ್ತಲಿಲ್ಲ. ಯಾರೋ ಒಬ್ಬರು ಏನಾದರೂ ಅನ್ನಲಿ ಎಂದು ಕಾಯುತ್ತಿದ್ದಳು. ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಎಂದೇ ಅನ್ನಲಿ.

"ಅಷ್ಟೇಯಾ?" ಎಂದಳು ಹಿರಿಯ ಪಟ್ಟಲಮ್ಮ, ಕ್ಯಾನು ಕೆಳಗಿಡುತ್ತ. "ನಾನೇನೋ ದೊಡ್ಡದಾಗಿ ಬರ್ದಿದ್ದೀಯ ಅಂತಿದ್ದೆ. ಬುಡು. ತಪ್ಪಾಯ್ತು ಅಂದೆ, ಸರಿ ಮಾಡ್ದೆ. ಜರುಗು ಅತ್ಲಾಗೆ, ಹಾಲು ಕೆಡ್ತದೆ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅರ್ಪಿತ ನಗಲಿಲ್ಲ. ಶಾಲಿನಿಯ ಕೈಯಿಂದ ಪತ್ರ ಈಸಿಕೊಂಡು ಮೇಜಿನ ಮೇಲಿಟ್ಟು, ಪೆನ್ನು ತೆಗೆದು ಸಹಿಯ ಕೆಳಗೆ ನಿಧಾನವಾಗಿ ಬರೆದಳು: 'ಒಂದೇ ಕ್ಯಾನಿನ ಹಾಲನ್ನು ಎರಡು ಪಾಲು ಮಾಡಿ ಬರೆದುಕೊಂಡವಳು ನಾನು. ಕಾರ್ಯದರ್ಶಿ.' ಬರೆದವಳು ಕಿವಿಯವರೆಗೂ ಕೆಂಪಾಗಿದ್ದಳು.

"ಏನೇ ಇದು, ಕೆಲ್ಸ ಕಳ್ಕಂಡಿಯಾ?" ಎಂದರು ಯಾರೋ.

"ಏನಾಯ್ತದೋ ಆಗ್ಲಿ ಬುಡಕ್ಕ. ಒಬ್ರ ಮೇಲೇ ಯಾಕೆ" ಎಂದು ಅರ್ಪಿತ ಮಿಷನ್ನು ಹಚ್ಚಿದಳು.

ಐದಕ್ಕೆ ಚುನಾವಣಾಧಿಕಾರಿಯ ಕಡೆಯವರು ಬಂದು ಪತ್ರವನ್ನೂ ಪಟ್ಟಿಯನ್ನೂ ತೆಗೆದುಕೊಂಡು, ಎರಡೆರಡು ಸಲ ಓದಿ, ಸೀಲು ಒತ್ತಿದರು. ಹಳೆಯ ಪಟ್ಟಿಯನ್ನು ಬೋರ್ಡಿನಿಂದ ಕಿತ್ತು ಹೊಸದನ್ನು ಅಂಟಿಸಿದರು. ಹೆಂಗಸರು ಮುಗಿಬಿದ್ದು ತಮ್ಮ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ನೋಡಿಕೊಂಡರು.

ಶಾಲಿನಿ ಬ್ಯಾಗು ಹೆಗಲಿಗೆ ಹಾಕಿಕೊಂಡಾಗ ಕಿರಿಯ ಪಟ್ಟಲಮ್ಮ ಮಡಚಿದ ಅರ್ಜಿಯೊಂದನ್ನು ಹಿಡಿದು ಬಂದಳು. ನಾಮಪತ್ರ. ನಾಳೆ ಕೊಡಬೇಕಾದ್ದು.

"ನೀನೇ ತುಂಬ್ಕೊಡು ಅಮ್ಮಣ್ಣಿ. ಬಸ್ಸಿಗೆ ಇನ್ನೂ ಒತ್ತು ಅದೆ."

ಇಬ್ಬರೂ ಜಗಲಿಯ ಮೇಲೆ ಕೂತರು. ಹೆಸರು, ಗಂಡನ ಹೆಸರು, ಮನೆ, ನಂಬರು. ಶಾಲಿನಿ ದುಂಡಗೆ ಬರೆಯುತ್ತ ಹೋದಳು. ಸಂಘಕ್ಕೆ ಸೇರಿದ ವರ್ಷ ಎಂಬಲ್ಲಿ ಪೆನ್ನು ನಿಂತಿತು.

"ಯಾವ ವರ್ಷ?"

ಪಟ್ಟಲಮ್ಮ ಕೆನ್ನೆಯ ಮೇಲೆ ಬೆರಳಿಟ್ಟುಕೊಂಡಳು. "ಇಸ್ವಿ ಗೊತ್ತಿಲ್ಲ ಕಣಮ್ಮ. ನನ್ ದೊಡ್ ಮಗ ಒಟ್ಟೇಲಿದ್ದ. ಏಳು ತಿಂಗ್ಳು. ಮೊದಲ್ನೇ ದಿನ ಆ ದಿಣ್ಣೆ ಇಳ್ಕಂಡು ಬರುವಾಗ ಒಳಗಿಂದ ಒದ್ದ. ಹಾಲು ಚೆಲ್ಲೋಗ್ತದೆ ಅಂತ ಕ್ಯಾನು ಗಟ್ಟಿಯಾಗಿ ಹಿಡ್ಕಂಡೆ. ಈಗವ್ನಿಗೆ ಅತ್ತೊಂಬತ್ತು ತುಂಬಕ್ಕೆ ಬಂತು."

ಶಾಲಿನಿ ಬೆರಳು ಮಡಚಿ ಎಣಿಸಿ, ಇನ್ನೊಮ್ಮೆ ಎಣಿಸಿ, ಇಸವಿ ಬರೆದಳು. ಪಟ್ಟಲಮ್ಮ ಕಾಗದ ಈಸಿಕೊಂಡು, ಶಾಯಿ ಆರಲೆಂದು ಅದರ ಮೇಲೆ ಮೆಲ್ಲಗೆ ಊದಿದಳು.